ತಟ್ಟೆ ಹೊತ್ತ ಕೈಯಿಂದ ಮುಖದವರೆಗೆ: ಹೋಟೆಲ್ ಕೆಲಸದವರು ತಮ್ಮದೇ ಪ್ರತಿಮೆ ಮಾಡಿಕೊಳ್ಳುವ ಬಗೆ

ಮೈಸೂರಿನಲ್ಲಿ ಪ್ರತಿಮೆಗಳಿಗೆ ಬರವಿಲ್ಲ. ಕೆ.ಆರ್. ಸರ್ಕಲ್‌ನಲ್ಲಿ ನಾಲ್ವಡಿಯವರಿದ್ದಾರೆ, ಅರಮನೆಯ ಪಕ್ಕದ ವೃತ್ತದಲ್ಲಿ ಚಾಮರಾಜೇಂದ್ರ ಒಡೆಯರಿದ್ದಾರೆ. ಎಲ್ಲರೂ ನೆಟ್ಟಗೆ ನಿಂತವರು. ವರ್ಷಗಟ್ಟಲೆ ಸಪ್ಲೈಯರ್ ಆಗಿದ್ದವನಿಗೆ ಹಾಗೆ ನಿಲ್ಲಲು ಬರುವುದೇ ಇಲ್ಲ. ಎಡಗೈ ಮೇಲೆ ನಾಲ್ಕು ತಟ್ಟೆ ಕೂತಾಗ ಆ ಭುಜ ಕಿವಿಯ ಕಡೆ ಏರುತ್ತದೆ, ಸೊಂಟ ಬಲಕ್ಕೆ ವಾಲುತ್ತದೆ, ಕುತ್ತಿಗೆ ಅಡುಗೆಮನೆ ಕಡೆ ತಿರುಗಿರುತ್ತದೆ. ಕೆಲಸ ಬಿಟ್ಟ ಮೇಲೂ ಆ ಓರೆ ಪೂರ್ತಿ ಹೋಗುವುದಿಲ್ಲ. ಈ ಬರಹ ಆ ಓರೆಯನ್ನು ಹಿಡಿದು ನಿಲ್ಲಿಸುವುದು ಹೇಗೆ ಅನ್ನುವುದರ ಬಗ್ಗೆ.

ನಾವು ಮಾಡಲಿರುವುದು ಸೊಂಟದಿಂದ ಮೇಲಿನ, ನಿಮ್ಮ ನಿಜವಾದ ಅಳತೆಯ ಒಂದು ಪ್ರತಿಮೆ. ಕೈ ನಿಮ್ಮದೇ ಕೈಯ ಎರಕ, ತಲೆ ಮಣ್ಣಿನಲ್ಲಿ ತಿದ್ದಿ ಪ್ಲಾಸ್ಟರ್‌ನಲ್ಲಿ ಎರೆದದ್ದು, ಅಂಗಿ ನಿಮ್ಮ ಹಳೇ ಯೂನಿಫಾರಂ, ತಟ್ಟೆಗಳು ನಿಜವಾದ ಸ್ಟೀಲ್ ತಟ್ಟೆಗಳು. ಕುಲುಮೆ ಬೇಡ, ಕುಂಬಾರರ ಆವಿಗೆ ಬೇಡ. ಮಳೆ ಬೀಳದ ಒಂದು ಜಾಗ, ವಾರದಲ್ಲಿ ಒಂದು ರಜೆ, ಎರಡು ಮೂರು ತಿಂಗಳ ತಾಳ್ಮೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ವಂತ ಪ್ರತಿಮೆ ಅಂದ ಕೂಡಲೇ ಎಲ್ಲರೂ ಮುಖದಿಂದ ಶುರು ಮಾಡುತ್ತಾರೆ. ಹೋಟೆಲಿನವರು ಹಾಗೆ ಮಾಡಬಾರದು ಅನ್ನುವುದು ನನ್ನ ಹಟ. ಗಿರಾಕಿ ನೋಡಿದ್ದು ನಿಮ್ಮ ಕೈಯನ್ನು. ತಟ್ಟೆ ಇಟ್ಟ ಕೈ, ಲೋಟ ಎತ್ತಿದ ಕೈ, ಬಿಲ್ಲು ಚಾಚಿದ ಕೈ. ಆದ್ದರಿಂದ ಇಲ್ಲಿ ಕೈ ಮೊದಲು, ಮೈ ನಡುವೆ, ಮುಖ ಕೊನೆಗೆ.

ಮೊದಲ ಹೆಜ್ಜೆ: ಕೆಲಸ ಮೈಮೇಲೆ ಏನೇನು ಮಾಡಿದೆ, ಬರೆದುಕೊಳ್ಳಿ

ಮಣ್ಣು ಮುಟ್ಟುವ ಮುಂಚೆ ಒಂದು ನೋಟ್‌ಬುಕ್ ಹಿಡಿದು ಕೂರಿ. ಒಳ್ಳೆಯ ಬೆಳಕಿನಲ್ಲಿ ಅಂಗೈ, ಮುಂಗೈ, ಭುಜ, ಕುತ್ತಿಗೆ, ಪಾದ ನೋಡಿಕೊಳ್ಳಿ. ಯಾರಾದರೂ ಹಿಂದಿನಿಂದ ಒಂದು ಫೋಟೋ ತೆಗೆಯಲಿ. ಬೆನ್ನು ನಾವು ಎಂದೂ ನೋಡದ ಜಾಗ, ಆದರೆ ಪಾತ್ರೆ ತೊಟ್ಟಿ ಮುಂದೆ ಬಗ್ಗಿ ನಿಂತ ವರ್ಷಗಳೆಲ್ಲ ಅಲ್ಲೇ ಕೂತಿರುತ್ತವೆ.

ಹೋಟೆಲಿನಲ್ಲಿ ಒಬ್ಬೊಬ್ಬರ ಮೈ ಒಂದೊಂದು ಥರ ಸವೆಯುತ್ತದೆ. ದೋಸೆ ಹಾಕುವವರ ಬಲ ಮುಂಗೈ ನೋಡಿ: ಕಾವಲಿಯ ಝಳಕ್ಕೆ ಅಲ್ಲಿ ರೋಮವೇ ಇರುವುದಿಲ್ಲ, ಮಣಿಕಟ್ಟಿನ ಒಳಮಗ್ಗುಲಲ್ಲಿ ಕಾವಲಿಯ ಅಂಚು ತಾಗಿದ ಉದ್ದುದ್ದ ಗೆರೆಗಳಿರುತ್ತವೆ. ಈರುಳ್ಳಿ, ಬೀನ್ಸ್ ಹೆಚ್ಚುವವರ ಎಡಗೈ ತೋರುಬೆರಳಿನ ಪಕ್ಕ ಚಾಕುವಿನ ಗೀರುಗಳು. ಪಾತ್ರೆ ತೊಳೆಯುವ ಅಕ್ಕಂದಿರ ಉಗುರಿನ ಸಂದಿ ನೀರಲ್ಲಿ ನೆನೆದು ನೆನೆದು ಬಿಳಿಚಿಕೊಂಡು ಒಡೆದಿರುತ್ತದೆ. ಹಿಟ್ಟು ಎತ್ತಿದವರಿಗೆ ಸೊಂಟ. ಕಾಫಿ ಬೆರೆಸುವವರ ಬೆರಳ ತುದಿಗೆ ಬಿಸಿ ತಾಗುವುದೇ ಇಲ್ಲ ಅನ್ನುವಷ್ಟು ಚರ್ಮ ದಪ್ಪ. ಗಲ್ಲಾದಲ್ಲಿ ಕೂತವರಿಗೆ ನೋಟು ಎಣಿಸಿದ ಹೆಬ್ಬೆರಳು. ಇನ್ನು ದಿನವಿಡೀ ನಿಂತೇ ಇದ್ದವರಿಗೆ ಮೀನಖಂಡದಲ್ಲಿ ಹಸಿರು ನರ ಹುರಿಹುರಿಯಾಗಿ ಎದ್ದಿರುತ್ತದೆ, ಒದ್ದೆ ನೆಲದಲ್ಲಿ ಹಿಮ್ಮಡಿ ಸೀಳಿರುತ್ತದೆ.

ಪಟ್ಟಿ ಬರೆದ ಮೇಲೆ ಮೂರನ್ನು ಆರಿಸಿ, ಉಳಿದದ್ದು ಹೊಡೆದುಹಾಕಿ. ಒಂದು ನಿಲುವು, ಒಂದು ಅಂಗ, ಒಂದು ಗುರುತು. ಉದಾಹರಣೆಗೆ ಏರಿದ ಎಡಭುಜ, ತಟ್ಟೆ ಹೊತ್ತ ಕೈ, ಮುಂಗೈ ಮೇಲಿನ ಸುಟ್ಟ ಗೆರೆ. ಎಲ್ಲವನ್ನೂ ತುರುಕಿದರೆ ಪ್ರತಿಮೆ ಆಸ್ಪತ್ರೆಯ ಕೇಸ್ ಶೀಟ್ ಆಗುತ್ತದೆ. ನಿಮ್ಮ ಕಥೆ ಪೂರ್ತಿ ಕಾಲಿನಲ್ಲೇ ಇದ್ದರೆ ಎರಡು ಪಾದ ಮತ್ತು ಮೀನಖಂಡ ಮಾತ್ರ ಮಾಡಿ, ಮುಖವೇ ಬೇಡ. ಅದೂ ಸ್ವಂತ ಪ್ರತಿಮೆಯೇ. ನಾನು ಇಲ್ಲಿ ಸಪ್ಲೈಯರ್‌ನ ಮೈಯನ್ನು ಹಿಡಿದು ವಿವರಿಸುತ್ತೇನೆ. ಭಟ್ಟರು, ಕ್ಲೀನರ್‌ಗಳು ತಮ್ಮ ತಮ್ಮ ಅಂಗಕ್ಕೆ ಅದನ್ನೇ ಹೊಂದಿಸಿಕೊಳ್ಳಬಹುದು.

ನಿಲುವು ಹುಡುಕುವುದಕ್ಕೆ ಕನ್ನಡಿ ಮುಂದೆ ನಟಿಸಬೇಡಿ, ಮೈ ಸುಳ್ಳು ಹೇಳುತ್ತದೆ. ನಿಜವಾಗಿ ನಾಲ್ಕು ತಟ್ಟೆ, ಎರಡು ನೀರಿನ ಲೋಟ ಹೊತ್ತು ಮನೆಯೊಳಗೆ ಹತ್ತು ಸುತ್ತು ನಡೆಯಿರಿ. ಮನೆಯವರು ಹಿಂದಿನಿಂದ ಇದ್ದಕ್ಕಿದ್ದಂತೆ "ಅಣ್ಣಾ, ಇಲ್ಲೊಂದ್ ಸಾಂಬಾರ್" ಅಂತ ಕೂಗಲಿ, ಅದೇ ಹೊತ್ತಿಗೆ ಫೋಟೋ ತೆಗೆಯಲಿ. ತಲೆ ತಿರುಗಿದ ಆ ಕ್ಷಣದಲ್ಲಿ ನಿಮ್ಮ ನಿಲುವು ಸಿಗುತ್ತದೆ.

ಗೇಣುದ್ದದ ಮಾದರಿ

ಇದಕ್ಕೆ ಒಂದು ಸಂಜೆ ಸಾಕು. ಬೈಂಡಿಂಗ್ ವೈರ್ ಬಗ್ಗಿಸಿ, ಮೇಲೆ ಜೇಡಿಮಣ್ಣು ಮೆತ್ತಿ ಒಂದು ಗೇಣು ಎತ್ತರದ ಬೊಂಬೆ ಮಾಡಿ. ಕಣ್ಣು ಮೂಗು ಬೇಡ. ಭುಜದ ಓರೆ, ತಲೆಯ ತಿರುವು, ಕೈಯ ಚಾಚು ಇಷ್ಟೇ. ಮೇಜಿನ ಮೇಲಿಟ್ಟು ಸುತ್ತಲೂ ತಿರುಗಿ ನೋಡಿ. ಹಿಂದಿನಿಂದ ನೋಡಿದರೂ ಭಾರ ಹೊತ್ತವನು ಅಂತ ಗೊತ್ತಾಗಬೇಕು. ಗೊತ್ತಾಗದಿದ್ದರೆ ಓರೆ ಇನ್ನೂ ಸ್ವಲ್ಪ ಹೆಚ್ಚಿಸಿ. ದೊಡ್ಡದು ಮಾಡುವಾಗ ಅದು ತಾನಾಗಿಯೇ ತಗ್ಗುತ್ತದೆ.

ಕಲ್ಲಿನಲ್ಲೇ ಮಾಡಬಹುದಲ್ಲ ಅಂತ ಕೇಳುವವರಿದ್ದಾರೆ. 2024ರ ಜನವರಿಯಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠಾಪನೆಯಾದ ರಾಮಲಲ್ಲಾ ವಿಗ್ರಹವನ್ನು ಕೆತ್ತಿದ ಅರುಣ್ ಯೋಗಿರಾಜ್ ನಮ್ಮೂರಿನವರೇ, ಆ ಕೃಷ್ಣಶಿಲೆಯೂ ನಮ್ಮ ಜಿಲ್ಲೆಯದೇ. ಅದರ ಹೆಮ್ಮೆ ಬೇರೆ, ಇದು ಬೇರೆ. ಕಲ್ಲಿನಲ್ಲಿ ತೆಗೆದದ್ದನ್ನು ಮತ್ತೆ ಹಾಕಲಾಗುವುದಿಲ್ಲ. ಮೊದಲ ಸಲ ಮಾಡುವವರಿಗೆ ಹಾಕಿ ತೆಗೆದು ಮತ್ತೆ ಹಾಕುವ ಸ್ವಾತಂತ್ರ್ಯ ಬೇಕು, ಅದನ್ನು ಮಣ್ಣು ಕೊಡುತ್ತದೆ.

ಸಾಮಾನು

ಜೇಡಿಮಣ್ಣಿಗೆ ಕುಂಬಾರಗೇರಿಗೆ ಹೋಗಿ. ಗಣೇಶನ ಹಬ್ಬಕ್ಕೆ ಮುಂಚಿನ ತಿಂಗಳುಗಳಲ್ಲಿ ಅಲ್ಲಿ ಯಾರಿಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ, ಹಬ್ಬ ಮುಗಿದ ಮೇಲೆ ಹೋದರೆ ಮಣ್ಣಿನ ಜೊತೆ ಬುದ್ಧಿಮಾತೂ ಸಿಗುತ್ತದೆ. ಹದ ಮಾಡಿದ ಮಣ್ಣು 15 ಕೆ.ಜಿ. ಇದ್ದರೆ ತಲೆಗೆ ಸಾಲುತ್ತದೆ. ಒದ್ದೆ ಗೋಣಿಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿಡಿ.

ಪ್ಲಾಸ್ಟರ್ ಆಫ್ ಪ್ಯಾರಿಸ್, ಚಿಕನ್ ಮೆಶ್ ಅನ್ನುವ ತೆಳು ತಂತಿಬಲೆ, ಬೈಂಡಿಂಗ್ ವೈರ್, 12 ಮಿ.ಮೀ. ಕಂಬಿ, ಒಂದಿಂಚಿನ ಜಿಐ ಪೈಪು, ಅದನ್ನು ಹಲಗೆಗೆ ಕೂರಿಸುವ ಫ್ಲ್ಯಾಂಜ್, ಎಂ-ಸೀಲ್ ಇವೆಲ್ಲ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಇರುತ್ತವೆ. ಪ್ಲಾಸ್ಟರ್ ಕೊಳ್ಳುವಾಗ ಚೀಲ ಹೊಸದೇ ಅಂತ ನೋಡಿ. ತೇವ ಹೀರಿ ಗಂಟುಗಂಟಾದದ್ದು ಸರಿಯಾಗಿ ಗಟ್ಟಿಯಾಗುವುದಿಲ್ಲ. ಕೈಯ ಅಚ್ಚಿಗೆ ಆಲ್ಜಿನೇಟ್ ಅನ್ನುವ ಪುಡಿ ಬೇಕು. ಹಲ್ಲಿನ ಡಾಕ್ಟರು ಅಚ್ಚು ತೆಗೆಯಲು ಬಳಸುವುದು ಅದನ್ನೇ, ದಂತವೈದ್ಯರ ಸಾಮಾನು ಮಾರುವ ಅಂಗಡಿಗಳಲ್ಲಿ ಪೊಟ್ಟಣದಲ್ಲಿ ಸಿಗುತ್ತದೆ.

ತಟ್ಟೆ ಲೋಟಗಳನ್ನು ಹೊಸದಾಗಿ ಕೊಳ್ಳಬೇಡಿ. ಗುಜರಿಯಲ್ಲಿ ತೂಕಕ್ಕೆ ಸಿಗುತ್ತವೆ. ಇನ್ನೂ ಒಳ್ಳೆಯದು, ನೀವು ದುಡಿದ ಹೋಟೆಲಿನಲ್ಲೇ ನೆಗ್ಗಿದ ತಟ್ಟೆ ಇದ್ದರೆ ಕೇಳಿ ತನ್ನಿ. ಸಾವಿರಾರು ಸಲ ತಿಕ್ಕಿಸಿಕೊಂಡ ಸ್ಟೀಲಿನ ಮಬ್ಬು ಹೊಳಪನ್ನು ಮನೆಯಲ್ಲಿ ಕೂತು ತರಿಸಲು ಆಗುವುದಿಲ್ಲ.

ಅಸ್ಥಿಪಂಜರ

18 ಮಿ.ಮೀ. ಪ್ಲೈವುಡ್ ಹಲಗೆ, ಎರಡಡಿ ಚದರ. ಅದರ ನಡುವೆ ಅಲ್ಲ, ನಡುವಿನಿಂದ ಒಂದು ಗೇಣು ಬಲಕ್ಕೆ ಫ್ಲ್ಯಾಂಜ್ ಕೂರಿಸಿ ಜಿಐ ಪೈಪು ನಿಲ್ಲಿಸಿ. ಇಲ್ಲಿ ಬಲ ಅಂದರೆ ಪ್ರತಿಮೆಯ ಬಲ. ಕೈ ಎಡಕ್ಕೆ ಚಾಚುತ್ತದೆ, ತಟ್ಟೆಗಳ ಭಾರವೂ ಅಲ್ಲೇ. ಒಂದು ತಟ್ಟೆ ಹಗುರವೇ, ಆದರೆ ಮೈಯಿಂದ ದೂರ ಹೋದಷ್ಟೂ ಅದರ ಎಳೆತ ಹೆಚ್ಚು, ಅದು ನಿಮ್ಮ ಭುಜಕ್ಕೆ ಚೆನ್ನಾಗಿಯೇ ಗೊತ್ತು. ಎಡಕ್ಕೆ ಹಲಗೆ ಉದ್ದವಿದ್ದರೆ ಪ್ರತಿಮೆ ಮಗುಚುವುದಿಲ್ಲ. ಅನುಮಾನವಿದ್ದರೆ ಬಲಬದಿಗೆ, ಮೈಯ ಒಳಗೆ ಕಾಣದಂತೆ ಒಂದು ಇಟ್ಟಿಗೆ ಕಟ್ಟಿ.

ಭುಜದ ಕಂಬಿಯನ್ನು ಪೈಪಿಗೆ ಓರೆಯಾಗಿಯೇ ವೆಲ್ಡ್ ಮಾಡಿಸಿ. ಅಂಗಡಿಯವರು ಅಭ್ಯಾಸಬಲದಿಂದ ಮಟ್ಟಗೋಲು ಇಟ್ಟು ಸಮ ಮಾಡಲು ಹೊರಡುತ್ತಾರೆ. ಗೇಣುದ್ದದ ಮಾದರಿಯನ್ನು ಜೊತೆಗೆ ಒಯ್ದು ತೋರಿಸಿದರೆ ವಾದ ಬೇಗ ಮುಗಿಯುತ್ತದೆ. ಎಡ ತೋಳಿನ ಕಂಬಿ ಮೊಣಕೈಯಲ್ಲಿ ಬಗ್ಗಿ, ಮುಂಗೈಯ ನಡುವಿನವರೆಗೆ ಬಂದು ನಿಲ್ಲಲಿ. ಅಲ್ಲಿಂದಾಚೆ ಎರಕದ ಕೈ ಬರುತ್ತದೆ. ಎಲ್ಲ ಕಬ್ಬಿಣಕ್ಕೂ ರೆಡ್ ಆಕ್ಸೈಡ್ ಬಳಿಯಿರಿ. ಒದ್ದೆ ಪ್ಲಾಸ್ಟರ್ ತಾಗಿದ ಬರಿ ಕಬ್ಬಿಣ ತುಕ್ಕು ಹಿಡಿದು, ಕಂದು ಕಲೆ ಮೇಲಕ್ಕೆ ಬರುತ್ತದೆ.

ಕೈ

ಇದು ಇಡೀ ಕೆಲಸದ ಹೃದಯ, ನಿಧಾನವಾಗಿ ಓದಿ.

ಮೊದಲು ಎಚ್ಚರಿಕೆ. ಕೈಯನ್ನು ನೇರವಾಗಿ ಪ್ಲಾಸ್ಟರ್‌ನಲ್ಲಿ ಅದ್ದಿ ಅಚ್ಚು ತೆಗೆಯಲು ಎಂದೂ ಹೋಗಬೇಡಿ. ಪ್ಲಾಸ್ಟರ್ ಗಟ್ಟಿಯಾಗುವಾಗ ಕಾವೇರುತ್ತದೆ. ದಪ್ಪನೆಯ ಮುದ್ದೆಯೊಳಗೆ ಅದು 60 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು, ಅಷ್ಟು ಹೊತ್ತಿಗೆ ಕೈ ಹೊರಗೆ ಬರುವುದಿಲ್ಲ. ಹೀಗೆ ಬೆರಳು ಕಳೆದುಕೊಂಡವರಿದ್ದಾರೆ. ಬಿಸಿ ಲೋಟ ಹಿಡಿದು ರೂಢಿಯಾದ ಕೈ ಅಂತ ಧೈರ್ಯ ಬೇಡ. ಆಲ್ಜಿನೇಟ್ ಆದರೆ ತಣ್ಣಗಿರುತ್ತದೆ, ರಬ್ಬರಿನ ಹಾಗೆ ಬಾಗುತ್ತದೆ, ಚರ್ಮದ ಒಂದೊಂದು ಗೆರೆಯನ್ನೂ ಹಿಡಿಯುತ್ತದೆ.

ಅಗಲ ಬಾಯಿಯ ಒಂದು ಪ್ಲಾಸ್ಟಿಕ್ ಬಕೆಟ್ ತೆಗೆದುಕೊಳ್ಳಿ. ತಟ್ಟೆ ಹೊತ್ತ ಭಂಗಿಯಲ್ಲಿ, ಅಂದರೆ ಮಣಿಕಟ್ಟು ಹಿಂದಕ್ಕೆ ಬಾಗಿ ಬೆರಳು ಅಗಲವಾಗಿ, ಕೈಯನ್ನು ಒಳಗೆ ಇಳಿಬಿಡಿ. ತಳಕ್ಕೂ ಪಕ್ಕಕ್ಕೂ ತಾಗಬಾರದು. ಇನ್ನೊಬ್ಬರು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಿನವರೆಗೆ ನೀರು ತುಂಬಲಿ. ಕೈ ತೆಗೆದು ಉಳಿದ ನೀರು ಅಳೆಯಿರಿ. ನಿಮಗೆ ಬೇಕಾದ ಆಲ್ಜಿನೇಟ್ ಅಷ್ಟೇ. ಪುಡಿಗೂ ನೀರಿಗೂ ಲೆಕ್ಕ ಪೊಟ್ಟಣದ ಮೇಲೆ ಬರೆದಿರುತ್ತದೆ, ಕಂಪನಿಯಿಂದ ಕಂಪನಿಗೆ ಬೇರೆ.

ಹಲ್ಲಿನ ಆಲ್ಜಿನೇಟ್ ಎರಡು ಮೂರು ನಿಮಿಷದಲ್ಲೇ ಗಟ್ಟಿಯಾಗುತ್ತದೆ. ಫ್ರಿಜ್ಜಿನ ತಣ್ಣೀರಿನಲ್ಲಿ ಕಲಸಿದರೆ ಸ್ವಲ್ಪ ಹೊತ್ತು ಹೆಚ್ಚು ಸಿಗುತ್ತದೆ. ಹಾಗಾಗಿ ಇಬ್ಬರು ಬೇಕೇ ಬೇಕು: ಒಬ್ಬರು ಬೀಟರ್ ಹಿಡಿದು ಕಲಸುವುದಕ್ಕೆ, ನೀವು ಕೈ ಕೊಡುವುದಕ್ಕೆ. ಗಂಟಿಲ್ಲದಂತೆ ಕಲಸಿದ ಕೂಡಲೇ ಕೈ ಇಳಿಸಿ, ಒಳಗೆ ಒಮ್ಮೆ ಬೆರಳಾಡಿಸಿ ಗಾಳಿ ಬಿಡಿಸಿ, ಭಂಗಿಗೆ ಬಂದು ಅಲ್ಲಾಡದೆ ನಿಲ್ಲಿ. ಮೇಲ್ಮೈ ಒತ್ತಿದರೆ ಬೆರಳಿಗೆ ಅಂಟಬಾರದು. ಆ ಮೇಲೆ ಐದು ನಿಮಿಷ ಕಾಯಿರಿ. ಬೆರಳುಗಳನ್ನು ಸಣ್ಣಗೆ ಅಲುಗಿಸಿದರೆ ಒಳಕ್ಕೆ ಗಾಳಿ ಹೋಗಿ ಹಿಡಿತ ಸಡಿಲುತ್ತದೆ, ನಿಧಾನವಾಗಿ ಎಳೆದುಕೊಳ್ಳಿ.

ಈಗ ತಡ ಮಾಡಬಾರದು. ಆಲ್ಜಿನೇಟ್‌ನಲ್ಲಿರುವುದು ಬಹುಪಾಲು ನೀರು, ಒಣಗುತ್ತ ಹೋದಂತೆ ಕುಗ್ಗುತ್ತದೆ. ಕೂಡಲೇ ಪ್ಲಾಸ್ಟರ್ ಎರೆಯಬೇಕು.

ಪ್ಲಾಸ್ಟರ್ ಕಲಸುವ ಕ್ರಮ ಮುಂದೆಯೂ ಬೇಕಾಗುತ್ತದೆ, ಇಲ್ಲೇ ಕಲಿತುಬಿಡಿ. ನೀರಿಗೆ ಪ್ಲಾಸ್ಟರ್ ಹಾಕಬೇಕು, ಪ್ಲಾಸ್ಟರ್‌ಗೆ ನೀರಲ್ಲ. ಮುಷ್ಟಿ ಮುಷ್ಟಿಯಾಗಿ ಉದುರಿಸುತ್ತ ಹೋಗಿ. ಪುಡಿ ನೀರಿನ ಮೇಲೆ ದ್ವೀಪದ ಹಾಗೆ ಮುಳುಗದೆ ನಿಂತಾಗ ಸಾಕು. ಒಂದು ನಿಮಿಷ ನೆನೆಯಲು ಬಿಟ್ಟು, ಕೈಯನ್ನು ತಳದಲ್ಲೇ ಆಡಿಸಿ ಕಲಸಿ. ಮೇಲೆ ಬಡಿದರೆ ಗಾಳಿಗುಳ್ಳೆ ಸೇರುತ್ತದೆ. ಕೈಗೆ ತೆಳು ಗವಸು, ಮೂಗಿಗೆ ಬಟ್ಟೆ ಇರಲಿ. ಬಿಸಿನೀರು, ಉಪ್ಪು ಎರಡೂ ಗಟ್ಟಿಯಾಗುವುದನ್ನು ಅವಸರಿಸುತ್ತವೆ, ದೂರವಿಡಿ. ಉಳಿದ ಪ್ಲಾಸ್ಟರನ್ನು ಸಿಂಕಿಗೆ ಮಾತ್ರ ಸುರಿಯಬೇಡಿ. ಪೈಪಿನೊಳಗೇ ಕಲ್ಲಾಗುತ್ತದೆ, ಆಮೇಲೆ ಗೋಡೆ ಒಡೆಸಬೇಕು.

ಮೊದಲು ಸ್ವಲ್ಪವೇ ಎರೆದು, ಬಕೆಟ್ಟನ್ನು ಅತ್ತಿತ್ತ ವಾಲಿಸಿ ಪ್ಲಾಸ್ಟರ್ ಬೆರಳ ತುದಿ ಮುಟ್ಟುವಂತೆ ಮಾಡಿ. ಬಕೆಟ್ಟನ್ನು ತಟ್ಟಿ, ಗುಳ್ಳೆ ಮೇಲೆ ಬರಲಿ. ಒಂದೊಂದು ಬೆರಳಿಗೂ ಒಂದು ತುಂಡು ತಂತಿ ಇಳಿಸಿ, ಇಲ್ಲವಾದರೆ ಅಚ್ಚು ಸುಲಿಯುವಾಗ ಕಿರುಬೆರಳೇ ಮೊದಲು ಹೋಗುವುದು. ಆಮೇಲೆ ಪೂರ್ತಿ ತುಂಬಿ, ಮಣಿಕಟ್ಟಿನ ಕಡೆಯಿಂದ ಒಂದು ಗೇಣು ಕಂಬಿ ನೆಟ್ಟು, ಅದರ ಅರ್ಧ ಹೊರಗೆ ಉಳಿಯಲಿ. ಅದೇ ತೋಳಿಗೆ ಸೇರುವ ಕೊಂಡಿ. ಒಂದು ಗಂಟೆ ಬಿಟ್ಟು ಆಲ್ಜಿನೇಟನ್ನು ಕೈಯಲ್ಲೇ ಹರಿದು ತೆಗೆಯಿರಿ.

ಅಂಗೈಯ ಗೆರೆ, ಉಗುರಿನ ಅಂಚು, ಹಳೆಯ ಗಾಯದ ಗುರುತು ಎಲ್ಲ ಬಂದಿರುತ್ತವೆ. ಇಲ್ಲಿ ಒಂದು ಆಸೆ ಹುಟ್ಟುತ್ತದೆ: ತೂತು ಮುಚ್ಚಿ, ಉಜ್ಜಿ ನುಣ್ಣಗೆ ಮಾಡೋಣ ಅಂತ. ಗುಳ್ಳೆಯ ತೂತಷ್ಟೇ ಮುಚ್ಚಿ. ಮರಳು ಕಾಗದ ಮುಟ್ಟಲೇಬೇಡಿ. ಸುಟ್ಟ ಗೆರೆ ಚರ್ಮದಲ್ಲಿ ಮಸುಕಾಗಿದ್ದರೆ ಎರಕದಲ್ಲಿ ಕಾಣುವುದಿಲ್ಲ. ಅದನ್ನು ಮಾತ್ರ ಚಾಕುವಿನ ತುದಿಯಿಂದ ತೆಳುವಾಗಿ ಕೆರೆದು ಎತ್ತಿ ತೋರಿಸಬಹುದು.

ಮೈ ಮತ್ತು ಅಂಗಿ

ಕಂಬಿಯ ಸುತ್ತ ಚಿಕನ್ ಮೆಶ್ ಸುತ್ತಿ ಎದೆ, ಬೆನ್ನು, ತೋಳಿನ ಆಕಾರಕ್ಕೆ ಒತ್ತಿ. ಹೊಟ್ಟೆ ಇದ್ದರೆ ಹೊಟ್ಟೆಯನ್ನೂ ಮಾಡಿ, ಹೋಟೆಲಿನವರಿಗೆ ಹೊತ್ತಲ್ಲದ ಹೊತ್ತಿನ ಊಟದ ಹೊಟ್ಟೆ ಇರುತ್ತದೆ, ಮುಚ್ಚಿಡುವಂಥದ್ದಲ್ಲ. ಗೋಣಿಯನ್ನು ಅಂಗೈ ಅಗಲದ ಪಟ್ಟಿ ಹರಿದು, ಪ್ಲಾಸ್ಟರ್‌ನಲ್ಲಿ ಅದ್ದಿ, ಅಡ್ಡ ಒಂದು ಸಾಲು ಉದ್ದ ಒಂದು ಸಾಲು ಹಾಸಿ. ಎರಡು ಪದರ ಸಾಕು. ಕೈಯ ಕೊಂಡಿಯನ್ನು ತೋಳಿನ ಕಂಬಿಗೆ ಬೈಂಡಿಂಗ್ ವೈರ್‌ನಿಂದ ಬಿಗಿದು, ಎಂ-ಸೀಲ್ ಮೆತ್ತಿ, ಮೇಲೆ ಗೋಣಿ ಸುತ್ತಿ. ಒಣಗಿದ ಪ್ಲಾಸ್ಟರ್ ಮೇಲೆ ಹಸಿ ಪ್ಲಾಸ್ಟರ್ ಹಚ್ಚುವ ಮುಂಚೆ ಹಳೆಯದಕ್ಕೆ ನೀರು ಕುಡಿಸಲೇಬೇಕು, ಇಲ್ಲವಾದರೆ ಅದು ಹೊಸದರ ನೀರನ್ನೆಲ್ಲ ಎಳೆದುಕೊಂಡು ಪದರ ಎದ್ದು ಬರುತ್ತದೆ.

ಅಂಗಿಯನ್ನು ಕೆತ್ತುವ ಗೋಜು ಬೇಡ. ನಿಮ್ಮ ಹಳೇ ಯೂನಿಫಾರಂ ಅಂಗಿಯನ್ನೇ ತೊಡಿಸಿ. ಹತ್ತಿ ಬಟ್ಟೆ ಪ್ಲಾಸ್ಟರನ್ನು ಚೆನ್ನಾಗಿ ಹೀರುತ್ತದೆ, ಪಾಲಿಯೆಸ್ಟರ್ ಜಾರಿಸಿಬಿಡುತ್ತದೆ. ಯೂನಿಫಾರಂ ಪಾಲಿಯೆಸ್ಟರ್ ಆಗಿದ್ದರೆ ಫೆವಿಕಾಲ್ ಬೆರೆಸಿದ ನೀರಿನಲ್ಲಿ ಮೊದಲು ನೆನೆಸಿ. ಅಂಗಿಯ ಹಿಂಭಾಗ ಸೀಳಿ, ತೆಳು ಪ್ಲಾಸ್ಟರ್‌ನಲ್ಲಿ ಅದ್ದಿ, ಹಿಂಡದೆ ಸುಮ್ಮನೆ ಇಳಿಸಿ, ಮೈಮೇಲೆ ಹೊದಿಸಿ. ಏರಿದ ಭುಜದಿಂದ ಇಳಿದ ಸೊಂಟದವರೆಗೆ ನಿರಿಗೆಗಳು ತಾವಾಗಿ ಓರೆಯಾಗಿ ಬೀಳುತ್ತವೆ. ಬಿದ್ದ ಹಾಗೆ ಬಿಡಿ. ಹೆಗಲ ಮೇಲೆ ಟವೆಲ್, ಜೇಬಿನಲ್ಲಿ ಬಿಲ್ ಪುಸ್ತಕ ಇದ್ದವರಾದರೆ ಅದನ್ನೂ ಹೀಗೇ.

ತಲೆ

ಹಲಗೆಗೆ ಒಂದು ರಿಪೀಸು ನಿಲ್ಲಿಸಿ, ತುದಿಗೆ ಪೇಪರ್ ಉಂಡೆ ಕಟ್ಟಿ, ಮೇಲೆ ಮಣ್ಣು ಮೆತ್ತಿ. ಮಣ್ಣು ಜಾರದಿರಲು ಎರಡು ಸಣ್ಣ ಕಡ್ಡಿಗಳನ್ನು ಕೂಡಿಸುವ ಚಿಹ್ನೆಯ ಆಕಾರದಲ್ಲಿ ಕಟ್ಟಿ ತಂತಿಯಿಂದ ಒಳಗೆ ಇಳಿಬಿಡುತ್ತಾರೆ. ತಲೆಯ ತಿರುವನ್ನು ಈ ಹಂತದಲ್ಲೇ ಕೊಡಿ. ನೇರ ತಲೆ ಮಾಡಿ ಆಮೇಲೆ ತಿರುಗಿಸಿದರೆ ಕುತ್ತಿಗೆಯ ನರ ಸುಳ್ಳಾಗುತ್ತದೆ.

ಅಳತೆಗೆ ಕೆಲವು ಲೆಕ್ಕಗಳಿವೆ. ಕಣ್ಣು ತಲೆಯ ಎತ್ತರದ ಸರಿಯಾಗಿ ಅರ್ಧಕ್ಕೆ ಬರುತ್ತದೆ. ಹೊಸಬರು ಎಲ್ಲರೂ ಮೇಲೆ ಇಡುತ್ತಾರೆ, ಹಣೆ ಮಾಯವಾಗುತ್ತದೆ. ಎದುರಿನಿಂದ ತಲೆಯ ಅಗಲ ಸುಮಾರು ಐದು ಕಣ್ಣಿನಷ್ಟು. ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ಬುಡದವರೆಗೆ, ಪಕ್ಕದಿಂದ ನೋಡಿದರೆ ತಲೆಯ ನಡುವಿಗಿಂತ ಹಿಂದೆ. ಉಳಿದದ್ದನ್ನು ನಿಮ್ಮ ಮುಖದಲ್ಲೇ ಅಳೆಯಿರಿ. ಎರಡು ಕಡ್ಡಿಯನ್ನು ಮೊಳೆಯಿಂದ ಕತ್ತರಿಯಂತೆ ಜೋಡಿಸಿದರೆ ಅಳತೆಯ ಸಾಧನ ಸಿದ್ಧ.

ಕನ್ನಡಿ ಇಟ್ಟುಕೊಂಡು ಮಾಡಬೇಡಿ. ಕನ್ನಡಿಯಲ್ಲಿ ಕಾಣುವುದು ನಿಮಗೆ ಗೊತ್ತಿರುವ ಮುಖ, ಎಡಬಲ ಅದಲುಬದಲಾದದ್ದು. ಟೇಬಲ್‌ನಲ್ಲಿ ಕೂತವರು ನೋಡಿದ್ದು ಆ ಮುಖವಲ್ಲ. ಎರಡು ಮೀಟರ್ ದೂರದಿಂದ ಎದುರು, ಎರಡು ಪಕ್ಕ, ಎರಡು ಮುಕ್ಕಾಲು ನೋಟದ ಫೋಟೋ ತೆಗೆಸಿ ಗೋಡೆಗೆ ಅಂಟಿಸಿ. ಸೆಲ್ಫಿ ಬೇಡವೇ ಬೇಡ, ಹತ್ತಿರದ ಕ್ಯಾಮೆರಾ ಮೂಗನ್ನು ದೊಡ್ಡದು ಮಾಡಿ ಕಿವಿಯನ್ನು ಹಿಂದೆ ತಳ್ಳುತ್ತದೆ.

ಬಾಯಿಯ ಬಗ್ಗೆ ನನಗೊಂದು ಅಭಿಪ್ರಾಯವಿದೆ. ಬಾಯಿ ನಗಬಾರದು. ಸಪ್ಲೈಯರ್‌ನ ನಗು ಡ್ಯೂಟಿಯ ಭಾಗ, ಅದನ್ನು ಪ್ರತಿಮೆಗೂ ಹೊರಿಸಬೇಡಿ. ಇಡ್ಲಿ, ವಡೆ, ಉಪ್ಪಿಟ್ಟು, ಕೇಸರಿಬಾತು, ಖಾಲಿ ದೋಸೆ, ಸೆಟ್ ದೋಸೆ ಅಂತ ಒಂದೇ ಉಸಿರಲ್ಲಿ ಹೇಳುವಾಗ ತುಟಿ ಅರ್ಧ ತೆರೆದು, ಕಣ್ಣು ಬೇರೆ ಟೇಬಲ್ ಮೇಲಿರುತ್ತದೆ. ಅದು ಸಿಕ್ಕರೆ ಮುಖ ಸಿಕ್ಕಿತು ಅನ್ನಿ. ರೆಪ್ಪೆ, ಕೂದಲು ಒಂದೊಂದಾಗಿ ಗೀರುತ್ತ ಕೂರಬೇಡಿ.

ಮಣ್ಣಿನ ತಲೆಯನ್ನೇ ಸುಟ್ಟು ಇಟ್ಟುಕೊಳ್ಳುವವರು ಒಳಗೆ ಟೊಳ್ಳು ಮಾಡಿ, ಪೂರ್ತಿ ಒಣಗಿಸಿ ಕುಂಬಾರರಿಗೆ ಕೊಡಬಹುದು. ಆದರೆ ಒಣಗಿ ಸುಟ್ಟ ಮೇಲೆ ಮಣ್ಣು ಹತ್ತಕ್ಕೆ ಒಂದು ಪಾಲಿನಷ್ಟು ಕುಗ್ಗುತ್ತದೆ, ಎರಕದ ಕೈ ಕುಗ್ಗುವುದಿಲ್ಲ. ಲೆಕ್ಕ ಹಾಕಿ ದೊಡ್ಡದಾಗಿ ಮಾಡದಿದ್ದರೆ ದೊಡ್ಡ ಕೈಯ ಸಣ್ಣ ತಲೆಯವರಾಗುತ್ತೀರಿ. ಹಾಗಾಗಿ ಪ್ಲಾಸ್ಟರ್ ಎರಕವೇ ವಾಸಿ. ಅದಕ್ಕೆ ಒಡೆದು ತೆಗೆಯುವ ಅಚ್ಚಿನ ಹಳೆಯ ವಿಧಾನವಿದೆ.

ಹಳೇ ಎಣ್ಣೆ ಡಬ್ಬದ ತಗಡನ್ನು ಎರಡು ಬೆರಳಗಲದ ತುಂಡು ಕತ್ತರಿಸಿ, ಮಣ್ಣಿನ ತಲೆಗೆ ಒಂದು ಕಿವಿಯ ಹಿಂದಿನಿಂದ ನೆತ್ತಿ ದಾಟಿ ಇನ್ನೊಂದು ಕಿವಿಯ ಹಿಂದಿನವರೆಗೆ ಸಾಲಾಗಿ ಚುಚ್ಚಿ. ಅಚ್ಚು ಇಲ್ಲಿ ಎರಡು ಹೋಳಾಗುತ್ತದೆ. ಸ್ವಲ್ಪ ಪ್ಲಾಸ್ಟರ್‌ಗೆ ಬಟ್ಟೆಗೆ ಹಾಕುವ ನೀಲಿ ಬೆರೆಸಿ, ಸೆಟ್ ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಕೈಯಿಂದ ಚಿಮ್ಮಿಸಿ ಅರ್ಧ ಸೆಂ.ಮೀ. ದಪ್ಪದ ಪದರ ಹಾಕಿ. ಮೂಗಿನ ಹೊಳ್ಳೆ, ಕಿವಿಯ ಸುರುಳಿಗೆ ಬಾಯಿಂದ ಊದಿ ತುಂಬಿಸಿ. ಅದು ಗಟ್ಟಿಯಾದ ಮೇಲೆ ತೆಳುವಾಗಿ ಕೆಸರುನೀರು ಬಳಿದು, ಮೇಲೆ ಬಿಳಿ ಪ್ಲಾಸ್ಟರ್ 2–3 ಸೆಂ.ಮೀ. ದಪ್ಪ. ತಗಡಿನ ಅಂಚು ಕಾಣುತ್ತಿರಲಿ.

ಒಂದು ಗಂಟೆ ಬಿಟ್ಟು ಸಂದಿಗೆ ನೀರು ಬಿಡುತ್ತ ಮರದ ಬೆಣೆ ತಟ್ಟಿದರೆ ಹೋಳುಗಳು ಬೇರೆಯಾಗುತ್ತವೆ. ಮಣ್ಣಿನ ತಲೆ ಇಲ್ಲಿಗೆ ಹಾಳಾಗುತ್ತದೆ, ಆಗಲಿ. ಮಣ್ಣು ಕೆದಕಿ ತೆಗೆದು, ತೊಳೆದು, ಒಳಮೈಗೆ ಬಿಸಿನೀರಲ್ಲಿ ಕರಗಿಸಿದ ಸೋಪನ್ನು ನಾಲ್ಕೈದು ಸಲ ಹಚ್ಚಿ, ಕೊನೆಗೆ ಕೊಬ್ಬರಿ ಎಣ್ಣೆ ಒರೆಸಿ. ಹೋಳು ಜೋಡಿಸಿ, ಸಂದಿಗೆ ಪ್ಲಾಸ್ಟರ್‌ನಲ್ಲಿ ಅದ್ದಿದ ಗೋಣಿ ಸುತ್ತಿ, ಕುತ್ತಿಗೆಯ ಕಡೆಯಿಂದ ಹೊಸ ಪ್ಲಾಸ್ಟರ್ ಸುರಿದು ಉರುಳಿಸಿ. ಎರಡು ಸೆಂ.ಮೀ. ದಪ್ಪದ ಟೊಳ್ಳು ಚಿಪ್ಪಾಗುವವರೆಗೆ ಪದರ ಪದರವಾಗಿ ಹೀಗೇ. ಒಳಗೆ ತೆಂಗಿನ ನಾರು ಸೇರಿಸಿದರೆ ಬಿರುಕು ಬಿಡುವುದಿಲ್ಲ.

ಮರುದಿನ ಮೊಂಡು ಉಳಿ, ಸಣ್ಣ ಸುತ್ತಿಗೆ. ಬಿಳಿಯನ್ನು ಧೈರ್ಯವಾಗಿ ಹೊಡೆಯಿರಿ. ನೀಲಿ ಕಂಡ ಕೂಡಲೇ ಕೈ ತಡೆಯಿರಿ, ಅರ್ಧ ಸೆಂ.ಮೀ. ಕೆಳಗೆ ನಿಮ್ಮ ಮೂಗಿದೆ. ನೀಲಿ ಬೆರೆಸಿದ್ದೇ ಇದಕ್ಕೆ.

ತಟ್ಟೆಗಳು

ಪಾತ್ರೆಯಿಂದ ಶಿಲ್ಪ ಅಂದರೆ ಸುಬೋಧ್ ಗುಪ್ತ ನೆನಪಾಗುತ್ತಾರೆ. ಬಿಹಾರದ ಖಗೌಲ್‌ನಲ್ಲಿ 1964ರಲ್ಲಿ ಹುಟ್ಟಿದ ಅವರು ಸ್ಟೀಲ್ ಪಾತ್ರೆಗಳನ್ನು ಒಟ್ಟಿ 2006ರಲ್ಲಿ ಮಾಡಿದ ಬೃಹತ್ ತಲೆಬುರುಡೆ ಪ್ರಪಂಚದ ಕಣ್ಣಿಗೆ ಬಿತ್ತು. ಅವರ ಬಲ ಇರುವುದು ರಾಶಿಯಲ್ಲಿ. ನಮ್ಮದು ಹಾಗಲ್ಲ. ಸೌಟು ಮೂಗಿಗೆ, ಲೋಟ ಕಿವಿಗೆ, ಜಾಲರಿ ಎದೆಗೆ ಅಂಟಿಸಲು ಹೊರಟರೆ ವಸ್ತುಪ್ರದರ್ಶನದ ಬಾಗಿಲ ಬೊಂಬೆಯಾಗುತ್ತದೆ. ನಾಲ್ಕು ತಟ್ಟೆ, ಎರಡು ಲೋಟ, ಅಷ್ಟೇ. ತಿಂಡಿಯ ಮಾದರಿಯೂ ಬೇಡ, ಖಾಲಿ ತಟ್ಟೆಯೇ ಸರಿ.

ಇದಕ್ಕಿಂತ ನಮ್ಮ ಕೆಲಸಕ್ಕೆ ಹತ್ತಿರದ್ದು ಅಮೆರಿಕದ ಕಲಾವಿದೆ ಜಾನೀನ್ ಆಂಟೋನಿ 1993ರಲ್ಲಿ ಮಾಡಿದ್ದು. ತನ್ನದೇ ತಲೆಯ ಅಚ್ಚಿನಿಂದ ಏಳು ಪ್ರತಿಮೆ ಚಾಕಲೇಟಿನಲ್ಲಿ, ಏಳು ಸೋಪಿನಲ್ಲಿ ಎರೆದು, ಚಾಕಲೇಟಿನದನ್ನು ನೆಕ್ಕಿ, ಸೋಪಿನದನ್ನು ಸ್ನಾನ ಮಾಡಿಸಿ ಸವೆಸಿದಳು. ಪಾತ್ರೆ ತೊಳೆದು ಬೆರಳು ಸವೆಸಿಕೊಂಡವರಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ.

ತಟ್ಟೆಯ ತಳಕ್ಕೆ 6 ಮಿ.ಮೀ. ಸ್ಟೀಲ್ ಕಡ್ಡಿಯನ್ನು ವೆಲ್ಡ್ ಮಾಡಿಸಬೇಕು. ಸಾಮಾನ್ಯ ವೆಲ್ಡಿಂಗ್ ತೆಳು ತಟ್ಟೆಯನ್ನು ತೂತು ಸುಡುತ್ತದೆ. ಮೆಟ್ಟಿಲಿಗೆ ಸ್ಟೀಲ್ ರೇಲಿಂಗ್ ಮಾಡುವವರ ಹತ್ತಿರ ಆರ್ಗಾನ್ ವೆಲ್ಡಿಂಗ್ ಇರುತ್ತದೆ, ಅವರಿಗೆ ಕೊಡಿ. ಎರಕದ ಅಂಗೈಯಲ್ಲಿ, ಮುಂಗೈಯಲ್ಲಿ, ಮೊಣಕೈ ಮಡಿಕೆಯಲ್ಲಿ ತೂತು ಕೊರೆದು ಕಡ್ಡಿ ಇಳಿಸಿ, ಅರಾಲ್ಡೈಟ್ ಅಂಟು ತುಂಬಿ. ಲೋಟವನ್ನು ತಟ್ಟೆಗೆ ಪಾಪ್ ರಿವೆಟ್ ಹೊಡೆದು ಕೂರಿಸಬಹುದು. ಸ್ಟೀಲಿಗೆ ತೂತು ಕೊರೆಯುವಾಗ ಡ್ರಿಲ್ ನಿಧಾನವಾಗಿ ತಿರುಗಲಿ, ಒತ್ತಡ ಜಾಸ್ತಿ ಇರಲಿ, ಎಣ್ಣೆ ಬಿಡುತ್ತಿರಿ. ವೇಗವಾಗಿ ತಿರುಗಿಸಿದರೆ ಕಾದ ಜಾಗ ಇನ್ನೂ ಗಟ್ಟಿಯಾಗಿ, ಬಿಟ್ ಮೊಂಡಾಗುತ್ತದೆ ಅಷ್ಟೇ. ಹೆಬ್ಬೆರಳು ಮೇಲಿನ ತಟ್ಟೆಯ ಅಂಚಿನೊಳಗೆ ಸ್ವಲ್ಪ ಬಂದಿರಲಿ. ಗಿರಾಕಿಗಳು ಬೈಯುತ್ತಿದ್ದುದು ಅದಕ್ಕೇ, ಅದಿಲ್ಲದೆ ತಟ್ಟೆ ನಿಲ್ಲುತ್ತಿರಲಿಲ್ಲ.

ಬಣ್ಣ

ಪ್ಲಾಸ್ಟರ್ ಪೂರ್ತಿ ಒಣಗಲು ವಾರಗಳು ಬೇಕು. ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ.

ಚರ್ಮಕ್ಕೆ ನಾನು ಹೇಳುವುದು ಕಾಫಿ ಡಿಕಾಕ್ಷನ್. ಹಾಲು, ಸಕ್ಕರೆ ಸೋಕಬಾರದು, ಇರುವೆ ಬೂಷ್ಟು ಎರಡೂ ಬರುತ್ತವೆ. ತೆಳು ಡಿಕಾಕ್ಷನ್ನನ್ನು ಬ್ರಷ್‌ನಲ್ಲಿ ಪದರ ಪದರವಾಗಿ ಹಚ್ಚಿ, ಒಂದೊಂದು ಪದರವೂ ಒಣಗಲಿ. ಚರ್ಮದ ಗೆರೆಗಳಲ್ಲಿ ಕಂದು ನಿಂತು, ಉಬ್ಬಿದ ಜಾಗ ತಿಳಿಯಾಗಿ ಉಳಿಯುತ್ತದೆ. ಸುಟ್ಟ ಗುರುತಿಗೆ ಗಟ್ಟಿ ಡಿಕಾಕ್ಷನ್. ಅಂಗಿಗೆ ಯೂನಿಫಾರಂ ಬಣ್ಣದ ಡಿಸ್ಟೆಂಪರನ್ನು ನೀರು ಜಾಸ್ತಿ ಮಾಡಿ ಹಚ್ಚಿದರೆ ಒಗೆದು ಮಾಸಿದ ಬಟ್ಟೆಯಂತೆ ಕಾಣುತ್ತದೆ. ಕೊನೆಗೆ ಬಡಗಿಗಳು ಮರಕ್ಕೆ ಹಚ್ಚುವ ಅರಗಿನ ಸ್ಪಿರಿಟ್ ಪಾಲಿಶ್ ಎರಡು ಕೈ. ಅರಗಿಗೂ ಮೈಸೂರಿಗೂ ಹಳೆಯ ನಂಟು: ಇವತ್ತು ಓಟಿನ ಶಾಯಿಗೆ ಹೆಸರಾದ ನಮ್ಮೂರಿನ ಕಾರ್ಖಾನೆ 1937ರಲ್ಲಿ ಶುರುವಾದದ್ದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ. ಡಿಕಾಕ್ಷನ್ ಬಣ್ಣ ಬಿಸಿಲಿಗೆ ಮಂಕಾಗುತ್ತದೆ, ಕಿಟಕಿ ಪಕ್ಕ ಇಡಬೇಡಿ.

ಎಲ್ಲಿ, ಎಷ್ಟು ಎತ್ತರದಲ್ಲಿ

ಕಟ್ಟೆ ಕಟ್ಟಿ ಮೇಲೇರಿಸಬೇಡಿ. ಪ್ರತಿಮೆಯ ಸೊಂಟ ಮೇಜಿನ ಮಟ್ಟಕ್ಕೆ, ಅಂದರೆ ನೆಲದಿಂದ ಎರಡೂವರೆ ಮೂರಡಿಗೆ ಬರಲಿ. ಎದುರಿಗೆ ಒಂದು ಕುರ್ಚಿ ಹಾಕಿ. ನಿಂತು ನೋಡುವವರಿಗಿಂತ ಕೂತು ನೋಡುವವರಿಗೆ ಈ ಪ್ರತಿಮೆ ಹೆಚ್ಚು ದಕ್ಕುತ್ತದೆ. ಮನೆಯಲ್ಲಿ ಜಾಗವಿಲ್ಲದವರು ನಮ್ಮೂರಿನ ಕಾವಾದಂಥ (ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ) ಕಲಾ ಕಾಲೇಜಿನ ಶಿಲ್ಪಕಲಾ ವಿಭಾಗದವರನ್ನು ಮಾತಾಡಿಸಿ. 1982ರಿಂದ ಇರುವ ಸಂಸ್ಥೆ ಅದು, ಅಲ್ಲಿನ ವಿದ್ಯಾರ್ಥಿಗಳು ಇಂಥ ಕೆಲಸ ನೋಡಲು, ತಪ್ಪು ತೋರಿಸಲು ಉತ್ಸಾಹದಿಂದ ಬರುತ್ತಾರೆ.

ಸಾಗಿಸುವಾಗ ತಟ್ಟೆ ಹಿಡಿದು ಎತ್ತಬಾರದು, ಹಲಗೆ ಹಿಡಿದೇ ಎತ್ತಬೇಕು, ಆಟೋ ಬದಲು ಗೂಡ್ಸ್ ಗಾಡಿಯಲ್ಲಿ ನಿಲ್ಲಿಸಿಯೇ ಒಯ್ಯಬೇಕು. ಧೂಳು ಕೂತರೆ ಒಣ ಬ್ರಷ್ ಸಾಕು, ಒದ್ದೆ ಬಟ್ಟೆ ಪ್ಲಾಸ್ಟರ್‌ಗೆ ಆಗದು. ತಟ್ಟೆಗಳನ್ನು ಮಾತ್ರ ತಿಂಗಳಿಗೊಮ್ಮೆ ಹಿಂಡಿದ ಬಟ್ಟೆಯಿಂದ ಒರೆಸಿ, ನೀರು ಅಂಗೈ ಕಡೆ ಇಳಿಯದ ಹಾಗೆ ನೋಡಿಕೊಳ್ಳಿ.